ಹಿಮದಡಿಯ ನೀಲಿ ಗುರುತು
ಮಿಶಿಗನ್ನಿನ ಉತ್ತರ ತುದಿಯ ಸರ್ಕಾರಿ ಕಾಡಿಗೆ ವಿಲ್ಹೋ ರಾಂಟಾ ಎಂಬ ಅಧಿಕಾರಿ ಬಂದಿರುವುದನ್ನು ಲೆಂಪಿ ಮೊದಲು ಕೇಳಿದ್ದು ಗಂಡನ ಬಾಯಿಂದ. "ಸ್ವಂತ ಅಜ್ಜಿ ಶವಪೆಟ್ಟಿಗೆಗೂ ಗುರುತಿಲ್ಲದ ಮರ ಕಡಿಯಾಕ್ ಬಿಡಲ್ವಂತೆ ಕಣೇ" ಎಂದು ಅವನು ಊಟದ ನಡುವೆ ನಕ್ಕಿದ್ದ. ಮಾರುವ ಮರಕ್ಕೆಲ್ಲ ರಾಂಟಾ ಎರಡು ಕಡೆ ನೀಲಿ ಬಣ್ಣ ಬಳಿಯುತ್ತಿದ್ದ, ಎದೆಯೆತ್ತರಕ್ಕೊಂದು, ಬೇರಿನ ಹತ್ತಿರಕ್ಕೊಂದು. ದಿಮ್ಮಿ ಹೋದರೂ ಬುಡ ಸಾಕ್ಷಿ ಹೇಳಬೇಕು ಎನ್ನುವುದು ಅವನ ವೇದ. ಮದುವೆಮನೆಗೆ ಹೋದರೂ ಉಗುರಲ್ಲಿ ನೀಲಿ. ಇಗರ್ಜಿಯಲ್ಲಿ ಪ್ರಾರ್ಥನೆ ನಡೆಯುವಾಗ ಕಂಬವನ್ನು ತಬ್ಬಿ ಸುತ್ತಳತೆ ನೋಡುವನು. ಗಂಡ ತೀರಿಕೊಂಡು ಲೆಂಪಿಯೇ ಮರ ಕೊಯ್ಯುವ ಮಿಲ್ಲು ನಡೆಸುತ್ತಿದ್ದ ಚಳಿಗಾಲ, ರಾಜಧಾನಿಯಿಂದ ಮೇಲಧಿಕಾರಿಯೊಬ್ಬ ಬಂದ. ಅವಳ ಆಳುಗಳು ಕಡಿದ ನಲವತ್ತು ಮೋಟುಗಳು ಹಿಮದ ಮೇಲೆ ಕಾಣುತ್ತಿದ್ದವು, ಒಂದರ ಮೇಲೂ ಬಣ್ಣವಿರಲಿಲ್ಲ. "ಕಳ್ಳತನ ಇದು. ನಾಳೆನೇ ಮಿಲ್ಲಿಗೆ ಬೀಗ" ಎಂದ. ರಾಂಟಾ ಸಲಿಕೆ ತಂದ. "ಸೊಂಟದ ಮಟ್ಟ ಹಿಮ ಬಿದ್ದೈತೆ ಸಾಹೇಬ್ರೆ. ಇದರ ಮೇಲೆ ನಿಂತ್ಕೊಂಡು ಬುಡ ಹುಡುಕಿದ್ರೆ ಸಿಗ್ತದಾ?" ಎಂದು ಮಂಡಿಯೂರಿ ಅಗೆಯತೊಡಗಿದ. ಮೊದಲನೆಯದರಲ್ಲಿ ನೀಲಿ, ಎರಡನೆಯದರಲ್ಲಿ ನೀಲಿ. "ಸಾಕು, ನಂಬ್ತೀನಿ" ಎಂದು ಮೇಲಧಿಕಾರಿ ಹೇಳಿದರೂ ಕೇಳದೆ, ಅಂಗೈ ಒಡೆದು ರಕ್ತ ಬಂದರೂ ಬಿಡದೆ, ನಲವತ್ತನ್ನೂ ಅಗೆದು ತೋರಿಸಿದ. ಒಂದೂ ತಪ್ಪಿರಲಿಲ್ಲ. ಆಳುಗಳು ಟೋಪಿ ಹಾರಿಸಿದರು. ಮೇಲಧಿಕಾರಿ ತಲೆ ತಗ್ಗಿಸಿ ಲೆಂಪಿಯ ಕೈ ಕುಲುಕಿದ. ಎಷ್ಟೋ ವರ್ಷಗಳ ಮೇಲೆ, ಕೋಲೂರಿಕೊಂಡು ಬಂದ ಮುದಿ ರಾಂಟಾ ಅವಳನ್ನು ಕೊನೆಯದಾಗಿ ಕೇಳಿದ್ದು ಇಷ್ಟೇ: "ಅಕ್ಕಾ, ಕಡಿದ ಆ ಜಾಗಕ್ಕೆ ಒಂದ್ಸಲ ಕರ್ಕೊಂಡು ಹೋಗಿ. ಹೊಸ ಮರಗಳು ನನಗಿಂತ ಎತ್ತರ ಆಗ್ಯಾವಂತೆ. ತಲೆ ಎತ್ತಿ ನೋಡ್ಬೇಕು."