ಇಂಗ್ಲಿಷ್ ಮಾತಾಡಿದ ಮಾರಮ್ಮ

ಕಳೆದ ವರ್ಷದ ವರಮಹಾಲಕ್ಷ್ಮಿ ಹಬ್ಬದ ಸಂಜೆ. ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಗೆ ಅರಿಸಿನ ಕುಂಕುಮಕ್ಕೆಂದು ಬೀದಿಯ ಹೆಂಗಸರೆಲ್ಲ ಬಂದಿದ್ದರು.

ಆ ವರ್ಷ ನನಗೆ ಕಷ್ಟಗಳು ಒಂದರ ಹಿಂದೊಂದು ಬಂದಿದ್ದವು. ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ಕಾರ್ಯ ಮುಗಿಸಿ ಬರುವಷ್ಟರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಅವರು ಕೋಲು ಹಿಡಿದು ನಡೆಯುವ ಹೊತ್ತಿಗೆ ಯಜಮಾನರ ಕಂಪನಿ ಬಾಗಿಲು ಹಾಕಿತು. "ಶೈಲಾ ಎಷ್ಟು ಗಟ್ಟಿ ನೋಡಿ" ಎಂದು ಎಲ್ಲರೂ ಹೊಗಳುತ್ತಿದ್ದರು. ನಾನೂ ನಗುತ್ತಲೇ ಓಡಾಡಿಕೊಂಡಿದ್ದೆ. ಆದರೆ ಕೆಲವು ವಾರಗಳಿಂದ, ತರಕಾರಿ ಹೆಚ್ಚುವಾಗ ಈ ಕೈ ಬೇರೆ ಯಾರದ್ದೋ ಅನ್ನಿಸುತ್ತಿತ್ತು. ಮಾತುಗಳು ಗಾಜಿನ ಆಚೆಯಿಂದ ಬಂದಂತೆ ಕೇಳುತ್ತಿದ್ದವು. ಇಂಥದ್ದನ್ನೆಲ್ಲ ಯಾರಿಗೆ ಹೇಳುವುದು?

ಆ ಸಂಜೆ ಎದುರುಮನೆಯ ಪದ್ಮಕ್ಕನಿಗೆ ಕುಂಕುಮದ ಬಟ್ಟಲು ನೀಡಿದ್ದು ನೆನಪಿದೆ. ಅಮ್ಮನವರ ಬೆಳ್ಳಿ ಮುಖದಲ್ಲಿ ಮೂಗುತಿ ಕೊಂಚ ಓರೆಯಾಗಿದ್ದುದೂ ನೆನಪಿದೆ. ಅಲ್ಲಿಂದ ಮುಂದಿನದೆಲ್ಲ ಬೇರೆಯವರಿಂದ ಕೇಳಿ ತಿಳಿದದ್ದು.

ನಾನು ದೇವರ ಮುಂದೆ ನೆಟ್ಟಗೆ ನಿಂತು, ಕಣ್ಣು ಮಿಟುಕಿಸದೆ, "ಸೈಲೆನ್ಸ್! ಫಿಂಗರ್ ಆನ್ ಯುವರ್ ಲಿಪ್ಸ್!" ಎಂದು ಗದರಿದೆನಂತೆ. ನಾನು ಓದಿದ ಕಾನ್ವೆಂಟಿನಲ್ಲಿ ದಿನಾ ಬೆಳಿಗ್ಗೆ ಕೇಳುತ್ತಿದ್ದ ಮಾತದು.

ಅತ್ತೆ ಇಲ್ಲೇ ಪಕ್ಕದ ಉಲ್ಲಾಳದ ಹಳೆಯ ಒಕ್ಕಲು ಮನೆಯವರು. ಹೆಂಗಸರ ಮೈಮೇಲೆ ದೇವರು ಬರುವುದನ್ನು ಕಂಡು ಬೆಳೆದವರು. ಕೋಲು ಬಿಟ್ಟು ಆರತಿ ತಟ್ಟೆ ಹಿಡಿದರು.

"ಮಾರಮ್ಮ ಬಂದವ್ಳೆ ಕಣ್ರೇ! ನಿಂಬೆಹಣ್ಣು ತನ್ನಿ!"

"ಅಲ್ಲಾ, ಮಾರಮ್ಮ ಇಂಗ್ಲಿಷ್ ಮಾತಾಡ್ತಾಳಾ?" ಎಂದರು ಪದ್ಮಕ್ಕ.

"ಊರೆಲ್ಲ ಲೇಔಟ್ ಆಯ್ತಲ್ಲ, ಅವಳೂ ಕಲ್ತವ್ಳೆ. ಸುಮ್ನೆ ಕೈ ಮುಗೀರಿ!"

"ಏನು ತಪ್ಪಾಯ್ತು ತಾಯಿ, ಅಪ್ಪಣೆ ಕೊಡವ್ವ" ಎಂದು ಅತ್ತೆ ಕೇಳಿದಾಗ ನಾನು "ಸಿಟ್ ಡೌನ್!" ಎಂದೆನಂತೆ. ರೇಷ್ಮೆ ಸೀರೆಗಳೆಲ್ಲ ಒಟ್ಟಿಗೆ ಸರ್ರೆಂದು ನೆಲಕ್ಕೆ ಕೂತವು. ಪದ್ಮಕ್ಕ ಸಮಯ ಸಾಧಿಸಿ, "ನಮ್ಮ ಹುಡುಗೀಗೆ ಬಂದಿರೋ ಗಂಡು ಆಗ್ಬೋದಾ ತಾಯಿ?" ಎಂದರು. "ಡು ಯುವರ್ ಹೋಂವರ್ಕ್ ಫಸ್ಟ್" ಎಂಬ ಉತ್ತರ ಬಂತು. ತಕ್ಷಣ ಅಲ್ಲಿಂದಲೇ ಗಂಡನಿಗೆ ಫೋನ್: "ರೀ, ನೀವು ಹುಡುಗನ ಬಗ್ಗೆ ಸರಿಯಾಗಿ ವಿಚಾರಿಸಿಲ್ಲ ಅಂತ ಅಮ್ಮನವರಿಗೂ ಗೊತ್ತಾಗ್ಹೋಗಿದೆ!"

ಎಚ್ಚರವಾದಾಗ ಸೋಫಾದ ಮೇಲಿದ್ದೆ. ಹಣೆ ತುಂಬ ಕುಂಕುಮ, ಮಡಿಲ ತುಂಬ ನಿಂಬೆಹಣ್ಣು. ನನಗಿಂತ ಹಿರಿಯರೆಲ್ಲ ನನಗೆ ಕೈ ಮುಗಿದು ನಿಂತಿದ್ದರು. ನಗು ಬರಲಿಲ್ಲ. ಅಷ್ಟು ಹೊತ್ತು ನಾನು ಎಲ್ಲಿದ್ದೆ? ಒಲೆಯ ಮುಂದೆ ನಿಂತಾಗ ಹೀಗಾದರೆ? ಇನ್ನೊಮ್ಮೆ ಹೋದವಳು ವಾಪಸ್ ಬರದಿದ್ದರೆ?

ಡಾಕ್ಟರ ಹತ್ತಿರ ಹೋಗೋಣವೆಂದರೆ ಅತ್ತೆ ಸುತರಾಂ ಒಪ್ಪದೆ ಮಗನನ್ನು ಗದರಿದರು. "ದೇವ್ರು ಬಂದಿದ್ದಕ್ಕೆ ಮಾತ್ರೆ ನುಂಗುಸ್ತೀಯೇನೋ?"

ಎಂದೂ ತಾಯಿಗೆ ಎದುರಾಡದ ಯಜಮಾನರು ಹೇಳಿದರು: "ಬಂದಿದ್ದು ಯಾರೋ ಗೊತ್ತಿಲ್ಲಮ್ಮ. ಹೋಗಿದ್ದು ನನ್ನ ಹೆಂಡ್ತಿ."

ದೇವಿಯ ಪರವಾಗಿ ವಾದಿಸಲೆಂದು ಅತ್ತೆಯೂ ಆಟೋ ಹತ್ತಿದರು.

ರಾಜಾಜಿನಗರದ ಮನೋವೈದ್ಯೆಯೊಬ್ಬರು ಮೊದಲು ಫಿಟ್ಸ್ ಇದೆಯೇ ಎಂದು ಪರೀಕ್ಷೆ ಮಾಡಿಸಿದರು. ಅದಲ್ಲವೆಂದು ತಿಳಿದ ಮೇಲೆ ಹೇಳಿದರು: "ಇದು ನಾಟಕ ಅಲ್ಲ, ಹುಚ್ಚೂ ಅಲ್ಲ. ಮೇಲಿಂದ ಮೇಲೆ ಹೊಡೆತ ಬಿದ್ದಾಗ ಕೆಲವರ ಮನಸ್ಸು ತಾಳಲಾರದೆ ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿದುಬಿಡುತ್ತೆ. ಡಿಸೋಸಿಯೇಷನ್ ಅಂತೀವಿ. ವಾಸಿ ಮಾಡ್ಬಹುದು. ಈ ವರ್ಷ ಮನೇಲಿ ಏನೇನಾಯ್ತು?"

"ಅಂಥದ್ದೇನಿಲ್ಲ ಡಾಕ್ಟ್ರೇ" ಎಂದೆ.

"ಏನಿಲ್ವಾ?" ಅತ್ತೆ ಬಾಯಿ ಹಾಕಿದರು. "ಅವ್ರಪ್ಪ ಹೋದ್ರು. ನಾನ್ ಬಿದ್ದೆ. ನನ್ ಮಗನ ಕೆಲ್ಸ ಹೋಯ್ತು..." ಅರ್ಧಕ್ಕೇ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಅಲ್ಲ ಕಣವ್ವ, ನಿಮ್ಮಪ್ಪಂಗೆ ಅಂತ ನೀನು ಅತ್ತಿದ್ದು ಯಾವಾಗ?"

ನನಗೆ ನೆನಪಾಗಲಿಲ್ಲ.

ಮುಂದಿನ ಶುಕ್ರವಾರ ಸಂಜೆ ನೋಡಿದರೆ ನಮ್ಮ ಗೇಟಿನ ಮುಂದೆ ಹೆಂಗಸರ ಸಾಲು. ಎಲ್ಲರಿಗಿಂತ ಮುಂದೆ ಪದ್ಮಕ್ಕ, ಹಣ್ಣುಕಾಯಿಯ ತಟ್ಟೆ ಹಿಡಿದು. ಅತ್ತೆ ಗೇಟಿಗೆ ಕೋಲು ಅಡ್ಡ ಇಟ್ಟು ನಿಂತರು.

"ಇವತ್ತು ಮಾರಮ್ಮಂಗೆ ರಜಾ."

"ಅಯ್ಯೋ! ಮತ್ತೆ ಯಾವಾಗ ಬರ್ತಾಳೆ?"

"ನಂಗೇನ್ ಗೊತ್ತು? ನಮ್ ಹುಡುಗಿ ಅವ್ರಪ್ಪನ್ನ ನೆನಸ್ಕೊಂಡು ಅಳ್ತಾ ಕೂತವ್ಳೆ. ಹೊಟ್ಟೆ ತುಂಬ ಅಳ್ಳಿ. ಹೋಗ್ರಿ, ಗಲಾಟೆ ಮಾಡ್ಬ್ಯಾಡ್ರಿ."

ರೂಮಿನಲ್ಲಿ ಅಳುತ್ತಿದ್ದವಳಿಗೆ ಅದು ಕೇಳಿಸಿ ನಗುವೂ ಬಂದುಬಿಟ್ಟಿತು.

ಚಿಕಿತ್ಸೆ ಈಗಲೂ ನಡೆಯುತ್ತಿದೆ. ಮೊದಲಿನ ಭಯವಿಲ್ಲ. ಆ ಶುಕ್ರವಾರ ಸಂಜೆ ನನ್ನ ಅಳು ಮುಗಿಯುವ ತನಕ ಮನೆಯಲ್ಲಿ ಯಾರೂ ಕಾಫಿ ಕೇಳಲಿಲ್ಲ. ದೇವಿಯಾಗಿದ್ದಾಗ ಸಿಕ್ಕ ನಮಸ್ಕಾರಗಳೆಲ್ಲ ಸೇರಿದರೂ ಅದಕ್ಕೆ ಸಮ ಆಗಲಾರದು.