ಅಡುಗೆಮನೆಯ ಶಾಲೆಗೆ ತಪಾಸಣೆ

ಬುಧವಾರ ತಪಾಸಣೆಗೆ ಬರುತ್ತೇವೆಂದು ಮಕ್ಕಳ ಮನೆಪಾಠದ ಕಚೇರಿಯಿಂದ ಫೋನ್ ಬಂದ ಮೇಲೆ ಮೆರಿನ್ ಮೊದಲು ಮಾಡಿದ ಕೆಲಸವೆಂದರೆ ಅಡುಗೆಮನೆಯ ಕಿಟಕಿಗಳನ್ನು ತೊಳೆದದ್ದು. ಒಳಗಿನಿಂದ ತೊಳೆದಳು, ಆಮೇಲೆ ಏಣಿ ಹಾಕಿಕೊಂಡು ಹೊರಗಿನಿಂದ ತೊಳೆದಳು. ಗಂಡ ರಾಯ್ಸ್, ಸಾಲ್ಮನ್ ಮೀನು ಸಾಕುವ ಕಂಪನಿಯ ದೋಣಿ ಕೆಲಸ ಮುಗಿಸಿ ಬಂದವನು, ಬೂಟು ಬಿಚ್ಚುತ್ತಾ ಏಣಿಯ ಮೇಲಿದ್ದ ಹೆಂಡತಿಯನ್ನು ನೋಡಿದ.

“ಅವರು ನೋಡೋಕೆ ಬರ್ತಿರೋದು ಟಿಲ್ಡಾ ಓದನ್ನ ಕಣೇ. ಕಿಟಕೀನ ಅಲ್ಲ.”

“ಬಂದವರು ಕಣ್ಣು ಮುಚ್ಕೊಂಡು ಕೂತಿರ್ತಾರಾ?”

“ಸರಿ ಬಿಡು. ಈ ಶಾಲೇಲಿ ಗಾಜು ಒರೆಸೋದ್ರಲ್ಲಿ ಮೇಡಂ ಭಾರಿ ಪ್ರವೀಣೆ ಅಂತ ಬರ್ಕೊಂಡು ಹೋಗ್ಲಿ.”

ಮೆರಿನ್ ಒದ್ದೆ ಬಟ್ಟೆಯನ್ನು ಅವನ ಮೇಲೆಸೆದಳು. ಆದರೆ ನಗಲಿಲ್ಲ.

ಅವರ ಮನೆ ಟಾಸ್ಮೇನಿಯಾದ ದಕ್ಷಿಣದಲ್ಲಿ, ಹ್ಯೂಆನ್ ನದಿಯ ದಂಡೆಗೆ ಹೊಂದಿಕೊಂಡ ಇಳಿಜಾರಿನಲ್ಲಿತ್ತು. ಸುತ್ತ ಸೇಬಿನ ತೋಟಗಳು. ಮಗಳು ಟಿಲ್ಡಾಗೆ ಹತ್ತು ವರ್ಷ. ಊರ ಶಾಲೆಯಲ್ಲಿ ಒಂದು ವರ್ಷ ಕೂಡ ಪೂರ್ತಿ ಓದಿರಲಿಲ್ಲ, ಅಷ್ಟರಲ್ಲಿ ಮೈಮೇಲೆ ಸುಮ್ಮಸುಮ್ಮನೆ ನೀಲಿ ಕಲೆಗಳು ಏಳತೊಡಗಿದವು. ರಕ್ತದ ಕ್ಯಾನ್ಸರ್ ಎಂದರು. ಎರಡು ವರ್ಷ ಹೋಬಾರ್ಟಿನ ಆಸ್ಪತ್ರೆಗೂ ಮನೆಗೂ ಓಡಾಟ, ಆಮೇಲೂ ಕೆಲವು ವರ್ಷ ಆಗಾಗ ರಕ್ತ ಪರೀಕ್ಷೆ. ಮಗುವನ್ನು ಗುಂಪಿನಲ್ಲಿ ಬಿಡಬೇಡಿ, ನೆಗಡಿ ಕೂಡ ತಡೆಯಲಾರಳು ಎಂದು ವೈದ್ಯರು ಹೇಳಿದ್ದಕ್ಕೆ ಮೆರಿನ್ ಬೇಕರಿಯ ಕೆಲಸ ಬಿಟ್ಟು, ಶಾಲೆಯ ಬದಲು ಮನೆಪಾಠಕ್ಕೆ ಸರ್ಕಾರದಲ್ಲಿ ನೋಂದಣಿ ಮಾಡಿಸಿ, ಅಡುಗೆಮನೆಯ ಮೇಜನ್ನೇ ಶಾಲೆ ಮಾಡಿದಳು. ಭಿನ್ನರಾಶಿಯನ್ನು ಹಿಟ್ಟಿನ ಅಳತೆಯಲ್ಲಿ ಕಲಿಸಿದಳು. ಕೆರೆಯ ಕಪ್ಪೆಗಳ ಕೂಗು ಕೇಳಿಯೇ ಯಾವ ಜಾತಿ ಎಂದು ಹೇಳುವಷ್ಟು ಇಬ್ಬರೂ ಪಳಗಿದರು. ಕೂದಲಿಲ್ಲದ ಆ ಪುಟ್ಟ ತಲೆಯನ್ನು ತನ್ನ ಭುಜಕ್ಕಾನಿಸಿಕೊಂಡು ಓದಿ ಹೇಳುತ್ತಿದ್ದ ದಿನಗಳು ಭಯದ ದಿನಗಳೇ. ಆದರೂ ಮೆರಿನ್ ಈಗ ಏಕೋ ಅವನ್ನೇ ಹಂಬಲಿಸಿ ನೆನೆಯುತ್ತಿದ್ದಳು. ಅಷ್ಟು ಹತ್ತಿರ ಮತ್ತೆ ಯಾರೂ ಯಾರಿಗೂ ಬರಲಾರರು ಅನ್ನಿಸುತ್ತಿತ್ತು.

ಕಳೆದ ಚಳಿಗಾಲದಲ್ಲಿ ವೈದ್ಯೆ ಕಡತ ಮುಚ್ಚಿಟ್ಟು, “ಇನ್ಮೇಲೆ ಇವಳು ಎಲ್ಲಾ ಮಕ್ಕಳ ಹಾಗೇನೇ,” ಎಂದಿದ್ದರು. ರಾಯ್ಸ್ ಮನೆಯವರೆಗೂ ಅಪಸ್ವರದಲ್ಲಿ ಹಾಡುತ್ತಾ ಕಾರು ಓಡಿಸಿದ. ಮೆರಿನ್ ಮಾತ್ರ ವರ್ಷದ ಕೊನೆಯಲ್ಲಿ ಯಾರನ್ನೂ ಕೇಳದೆ ಮನೆಪಾಠದ ನೋಂದಣಿಯನ್ನು ಮುಂದುವರಿಸಲು ಅರ್ಜಿ ಹಾಕಿಬಿಟ್ಟಳು. “ಇನ್ನೊಂದು ವರ್ಷ ನೋಡೋಣ, ಗಟ್ಟಿಯಾಗ್ಲಿ,” ಎಂದಳು. ರಾಯ್ಸ್ ಮಗಳ ಮುಖ ನೋಡಿದ. ಟಿಲ್ಡಾ, “ಸರಿ ಅಮ್ಮ,” ಎಂದಳು.

ಆ ‘ಸರಿ’ ಎಷ್ಟು ಸರಿ ಎಂಬುದು ಮೆರಿನ್‌ಗೆ ಗೊತ್ತಿರಲಿಲ್ಲವೆಂದಲ್ಲ. ದಿನಾ ಸಂಜೆ ಶಾಲೆಯ ಬಸ್ಸು ಕೆಳಗಿನ ರಸ್ತೆಯಲ್ಲಿ ಹಾದುಹೋಗುವ ಹೊತ್ತಿಗೆ ಸರಿಯಾಗಿ ಟಿಲ್ಡಾಗೆ ಗೇಟಿನ ಬಳಿಯ ಲ್ಯಾವೆಂಡರ್ ಗಿಡಗಳಿಗೆ ನೀರು ಹಾಕುವ ನೆನಪಾಗುತ್ತಿತ್ತು. ಮಳೆ ಬಂದ ದಿನವೂ.

ಸೋಮವಾರ ಸಂಜೆ ರಾಯ್ಸ್ ತಾನೇ ತಪಾಸಣೆ ನಡೆಸುತ್ತೇನೆಂದು ಟೀ ಆರದಂತೆ ಕೆಟಲಿಗೆ ಹೊದಿಸುವ ಉಣ್ಣೆಯ ಟೋಪಿಯನ್ನು ತಲೆಗೆ ಹಾಕಿಕೊಂಡು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತ.

“ಏನಮ್ಮಾ ಹುಡುಗಿ, ಈ ಶಾಲೇಲಿ ನಿನ್ನ ಗೆಳತಿ ಯಾರು?”

“ಪಕ್ಕದ ತೋಟದ ಗ್ಲೆನಿಸ್ ಅಜ್ಜಿ, ಸರ್.”

“ಅವಳ ವಯಸ್ಸು?”

“ಎಂಬತ್ತು ದಾಟಿದೆ. ಕೇಳಿದ್ರೆ ಬೈತಾರೆ.”

“ಆಟಕ್ಕೆ ಬರ್ತಾಳಾ?”

“ಕೂತಲ್ಲೇ ಇಸ್ಪೀಟು ಆಡ್ತಾರೆ. ಮೋಸ ಮಾಡ್ತಾರೆ.”

“ಬೇರೆ ಯಾರು?”

ಟಿಲ್ಡಾ ಯೋಚಿಸಿದಳು. “ಅವರ ನಾಯಿ.”

ರಾಯ್ಸ್ ಹೊಟ್ಟೆ ಹಿಡಿದುಕೊಂಡು ನಕ್ಕ, ಟಿಲ್ಡಾಳೂ ನಕ್ಕಳು. ಮೆರಿನ್ ಒಲೆಗೆ ಸೌದೆ ಒಟ್ಟುವ ನೆಪದಲ್ಲಿ ಮುಖ ತಿರುಗಿಸಿದಳು.

ಮಂಗಳವಾರ ತಾಯಿ ಮಗಳು ಸೇರಿ ವರ್ಷದ ಕೆಲಸವನ್ನೆಲ್ಲ ಮೇಜಿನ ಮೇಲೆ ಹರಡಿದರು. ಗೋಡೆಯ ನಕ್ಷೆ ಒಂದು ಮೂಲೆಯಲ್ಲಿ ಕಿತ್ತುಬಂದಿತ್ತು. ಅದನ್ನು ಅಂಟಿಸುತ್ತಿದ್ದ ಟಿಲ್ಡಾ ದಕ್ಷಿಣದ ತುದಿಯಲ್ಲಿ, ಸಮುದ್ರದ ನಡುವೆ, ಸಾಸಿವೆಯಷ್ಟಿದ್ದ ಒಂದು ಚುಕ್ಕೆಯ ಮೇಲೆ ಬೆರಳಿಟ್ಟಳು.

“ನೀನು ಹುಟ್ಟಿ ಬೆಳೆದದ್ದು ಇಲ್ಲೇ ಅಲ್ವಾ? ನಿಂಗೂ ಮನೆಪಾಠಾನೇ ಅಲ್ವಾ? ಅಲ್ಲಿ ನಿನ್ನ ಗೆಳತಿ ಯಾರಿದ್ರು?”

ಮೆರಿನ್‌ಳ ತಂದೆ ಆ ದ್ವೀಪದಲ್ಲಿ ಹಡಗುಗಳಿಗೆ ದಾರಿ ತೋರುವ ದೀಪಸ್ತಂಭದ ಕಾವಲುಗಾರರಾಗಿದ್ದರು. ಪಾಠಗಳು ಅಂಚೆಚೀಲದಲ್ಲಿ ಬರುತ್ತಿದ್ದವು, ಅದೂ ಸಮುದ್ರ ದಾರಿ ಬಿಟ್ಟಾಗ. ತಾಯಿಯೇ ಮೇಷ್ಟ್ರು. ಇನ್ನೊಂದು ಮಗು ಎಂದರೆ ಹೇಗಿರುತ್ತದೆಂದು ಮೆರಿನ್ ಪುಸ್ತಕದ ಚಿತ್ರಗಳಲ್ಲಿ ನೋಡಿ ತಿಳಿದಿದ್ದಳು.

“ಬರ್ನಾ ಅಂತ ಒಬ್ಬಳಿದ್ಲು,” ಎಂದಳು. “ದೂರದ ಇನ್ನೊಂದು ದೀಪಸ್ತಂಭದವಳು. ಬೆಳಿಗ್ಗೆ ಅಪ್ಪಂದಿರು ವೈರ್‌ಲೆಸ್ ರೇಡಿಯೋದಲ್ಲಿ ಗಾಳಿ ಮಳೆ ವಿಷಯ ಮಾತಾಡಿ ಮುಗಿಸಿದ ಮೇಲೆ ನಮ್ಮಿಬ್ಬರಿಗೂ ಒಂದು ಚೂರು ಮಾತಾಡೋಕೆ ಬಿಡೋರು. ಅವಳು ಸಾಕಿದ ಕೋಳಿ ಕಥೆ ಹೇಳೋಳು. ನಾನು ಏನು ಹೇಳ್ಬೇಕು ಅಂತ ಹಿಂದಿನ ದಿನದಿಂದಾನೇ ಜೋಡಿಸಿಟ್ಕೊಂಡಿರ್ತಿದ್ದೆ. ಆಮೇಲೆ ಮಾತಾಡೋ ಬಟನ್ ಒತ್ತಿದ ತಕ್ಷಣ ಎಲ್ಲಾ ಮರೆತುಹೋಗೋದು.”

“ಆಮೇಲೆ?”

“ಅವರ ದೀಪಕ್ಕೆ ಯಂತ್ರ ಹಾಕಿದ್ರು. ಇನ್ನು ಕಾವಲಿಗೆ ಜನ ಬೇಕಿಲ್ಲ ಅಂತ ಅವರನ್ನ ಕಳಿಸಿಬಿಟ್ರು. ಒಂದು ದಿನ ಬೆಳಿಗ್ಗೆ ರೇಡಿಯೋದಲ್ಲಿ ಬರೀ ಗರಗರ. ನಾನು ತುಂಬಾ ದಿನ ಅಲ್ಲೇ ಕೂತ್ಕೋತಿದ್ದೆ. ನಮ್ಮಮ್ಮ ಎಬ್ಬಿಸಿ ಪಾಠಕ್ಕೆ ಕರ್ಕೊಂಡು ಹೋಗೋಳು.”

“ಅವಳು ನೋಡೋಕೆ ಹೇಗಿದ್ಲು?”

“ನೋಡ್ಲೇ ಇಲ್ವಲ್ಲ.”

ಟಿಲ್ಡಾ ನಕ್ಷೆಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಸವರಿದಳು. “ಆದ್ರೂ ನಿಂಗೆ ಅವಳ ದನಿನಾದ್ರೂ ಇತ್ತು,” ಎಂದಳು. ಚುಚ್ಚಬೇಕೆಂದು ಅಂದದ್ದಲ್ಲ. ಅಂದು, ಇನ್ನಷ್ಟು ಅಂಟು ತರಲು ಒಳಕೋಣೆಗೆ ಹೋದಳು.

ಬುಧವಾರ ಬೆಳಿಗ್ಗೆ ಬಂದ ಅಧಿಕಾರಿಯ ಹೆಸರು ಕೋರಲ್. ದಪ್ಪ ಮೈಕಟ್ಟಿನ, ಮಾತಿನಲ್ಲಿ ಸೋಲದ ಹೆಂಗಸು. ತಾನೂ ತನ್ನ ನಾಲ್ಕು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿದವಳು. ಮೆರಿನ್ ಮಾಡಿದ್ದ ಸೇಬಿನ ಕೇಕು ತಿಂದು ಇನ್ನೊಂದು ತುಂಡು ತಾನೇ ಕೊಯ್ದುಕೊಂಡಳು. ಟಿಲ್ಡಾಳ ಲೆಕ್ಕ ನೋಡಿದಳು, ಬರೆದ ಕಥೆ ಓದಿದಳು. ಟಿಲ್ಡಾ ಕಪ್ಪೆಗಳ ಹಾಗೆ ಕೂಗಿ ತೋರಿಸಿದಾಗ ಬಿದ್ದು ಬಿದ್ದು ನಕ್ಕಳು.

“ಗಾಬರಿ ಬೇಡ ಮೆರಿನ್. ಇಷ್ಟು ಚೆನ್ನಾಗಿ ಕಲಿಸಿರೋರನ್ನ ನಾನು ಕಮ್ಮಿ ನೋಡಿದ್ದೀನಿ,” ಎಂದಳು. ಆಮೇಲೆ ಟಿಲ್ಡಾ ಕಡೆ ತಿರುಗಿದಳು. “ನೀನು ಹೇಳು ಪುಟ್ಟಿ. ಈ ವರ್ಷ ಇನ್ನೇನಾದ್ರೂ ಬೇಕು ಅನ್ಸುತ್ತಾ? ಇಲ್ಲಿ ಇಲ್ಲದೇ ಇರೋದು?”

ಟಿಲ್ಡಾ ತಾಯಿಯ ಮುಖ ನೋಡಿದಳು. ಒಂದು ಕ್ಷಣ, ಅಷ್ಟೇ. ಸೂಜಿ ಚುಚ್ಚುವ ಮುಂಚೆ ಆಸ್ಪತ್ರೆಯಲ್ಲಿ ಆ ಮಗು ಹೀಗೇ ನೋಡುತ್ತಿತ್ತು. ನಂಗೆ ನೋವಾಗಲ್ಲ ಅಮ್ಮ, ನೀನು ಅಳಬೇಡ ಎನ್ನುವ ಹಾಗೆ.

“ಏನೂ ಬೇಡ,” ಎಂದಳು ಟಿಲ್ಡಾ. “ಎಲ್ಲಾ ಇದೆ.”

ಕೋರಲ್ ತಲೆಯಾಡಿಸಿ ಬರೆದುಕೊಳ್ಳಲು ಪೆನ್ನು ಎತ್ತಿದಳು. ಇನ್ನೊಂದು ವರ್ಷ ಮಗಳು ಈ ಮೇಜಿಗೇ. ಮೆರಿನ್ ಬೇಡಿಕೊಂಡಿದ್ದೂ ಅದನ್ನೇ. ಆದರೆ ಅವಳ ಬಾಯಿಂದ ಬೇರೆಯೇ ಮಾತು ಬಂತು.

“ಇಲ್ಲ. ಸುಳ್ಳು ಹೇಳ್ತಿದ್ದಾಳೆ. ನನಗೋಸ್ಕರ.” ಅವಳು ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ಅವಳಿಗೆ ಮಕ್ಕಳು ಬೇಕು. ಶಾಲೆ ಬೇಕು. ನನಗೇ ಕಳಿಸೋಕೆ ಆಗ್ತಿಲ್ಲ.”

“ಅಮ್ಮಾ!” ಎಂದ ಟಿಲ್ಡಾಳ ಕಿವಿಗಳು ಕೆಂಪಾದವು.

ಕೋರಲ್ ಪೆನ್ನು ಕೆಳಗಿಟ್ಟಳು. ಮೆರಿನ್ ಕೈಮೇಲೆ ಕೈಯಿಟ್ಟು, “ಅಯ್ಯೋ, ಇದಕ್ಕೆಲ್ಲ ನೋಂದಣಿ ರದ್ದಾಗಲ್ಲ ಕಣಮ್ಮ,” ಎಂದಳು. “ಅದು ಹಾಗೇ ಇರ್ಲಿ, ಜೊತೆಗೆ ವಾರಕ್ಕೆ ಎರಡು ದಿನ ಶಾಲೆಗೂ ಹೋಗ್ಬಹುದು. ಹೆಡ್ ಮಾಸ್ಟರ್ ಹತ್ರ ನೀವು ಒಂದು ಮಾತಾಡಿ. ಹಿಡಿಸಿದ್ರೆ ಮುಂದಿನ ವರ್ಷ ಪೂರ್ತಿ. ಹಿಡಿಸದಿದ್ರೆ ಈ ಮೇಜು ಎಲ್ಲೂ ಓಡಿಹೋಗಲ್ಲ.” ಸ್ವಲ್ಪ ತಡೆದು ಅಂದಳು, “ನಮ್ಮ ಕೊನೇ ಹುಡುಗ ಮೊದಲ ಸಲ ಶಾಲೆಗೆ ಹೋದ ದಿನ ನಾನು ಮಧ್ಯಾಹ್ನ ಹನ್ನೆರಡಕ್ಕೇ ಮಲಗಿಬಿಟ್ಟಿದ್ದೆ. ಖಾಲಿ ಮನೇಲಿ ಎಚ್ಚರವಾಗಿರೋಕೆ ಆಗ್ಲಿಲ್ಲ.”

ಈಸ್ಟರ್ ರಜೆ ಮುಗಿದ ಮೇಲೆ ಮೊದಲ ದಿನ. ಟಿಲ್ಡಾ ಬಸ್ಸು ಹತ್ತಿದಳು. ಹಿಂದಿರುಗಿ ನೋಡಿ ಕೈಬೀಸುತ್ತಾಳೆಂದು ಮೆರಿನ್ ಕೈ ಎತ್ತಿಕೊಂಡೇ ನಿಂತಿದ್ದಳು. ಅಷ್ಟರಲ್ಲಿ ಒಳಗೆ ಯಾರೋ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು, ಟಿಲ್ಡಾ ಅತ್ತ ತಿರುಗಿದಳು, ಬಸ್ಸು ಹೊರಟುಹೋಯಿತು.

ಮೆರಿನ್ ಮನೆಗೆ ಬಂದು ಹಾಸಿಗೆ ಹೊದಿಕೆ ಕೊಡವಿದಳು, ಮಡಚಿದಳು. ಯಾರಿಗೂ ಬೇಡದ ಸೂಪು ಮಾಡಿದಳು. ಕೆರೆಯ ಕಡೆಯಿಂದ ಹಾಡುಹಗಲೇ ಒಂದು ಕಪ್ಪೆ ಕೂಗಿತು. ಯಾವುದದು ಗೊತ್ತಾಯಿತಾ ಎಂದು ಕೇಳಲು ಬಾಯಿ ತೆರೆದು ಖಾಲಿ ಕುರ್ಚಿಯತ್ತ ತಿರುಗಿದ್ದಳು. ಹಾಗೇ ಅಲ್ಲೇ ಕುಳಿತುಬಿಟ್ಟಳು.

ಸಂಜೆ ಟಿಲ್ಡಾ ಚೀಲವನ್ನು ಬಾಗಿಲಲ್ಲೇ ಬಿಸಾಡಿ ಒಳಗೆ ಓಡಿಬಂದಳು. ಮೊಣಕಾಲು ತರಚಿತ್ತು. ಒಂದು ಕಾಲದಲ್ಲಿ ಅಷ್ಟು ರಕ್ತ ಕಂಡರೂ ಆಸ್ಪತ್ರೆಗೆ ಓಡುತ್ತಿದ್ದ ಮೆರಿನ್ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡಳು.

“ಅಮ್ಮಾ, ಇವತ್ತು ಒಬ್ಬಳ ಜೊತೆ ಜಗಳ ಆಯ್ತು!” ಟಿಲ್ಡಾಳ ಮುಖ ಬಹುಮಾನ ಗೆದ್ದು ಬಂದವಳ ಹಾಗೆ ಹೊಳೆಯುತ್ತಿತ್ತು. “ನಂದೇ ಸರಿ ಅಂತ ಅವಳೂ ಬಿಡ್ಲಿಲ್ಲ, ನಾನೂ ಬಿಡ್ಲಿಲ್ಲ. ನಾಳಿದ್ದು ಹೋದಾಗ ಮುಂದುವರಿಸ್ತೀವಿ.”

“ಕೂತ್ಕೊಂಡು ಹೇಳು,” ಎಂದಳು ಮೆರಿನ್. “ಮೊದಲಿಂದ ಹೇಳು.”

ಟಿಲ್ಡಾ ಹೇಳತೊಡಗಿದಳು. ಬಾಯಿತುಂಬ ಬ್ರೆಡ್ಡು, ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ. ಮೆರಿನ್ ನೋಡಿಯೇ ಇರದ ಮಕ್ಕಳ ಹೆಸರುಗಳು ಒಂದರ ಮೇಲೊಂದು ಬರುತ್ತಿದ್ದವು. ತನಗೆ ಗೊತ್ತಿಲ್ಲದ ಆ ದಿನದ ಒಂದು ಚೂರೂ ತಪ್ಪಿಹೋಗಬಾರದೆಂದು ಅವಳು ಮುಂದೆ ಬಾಗಿ ಕೇಳುತ್ತಲೇ ಇದ್ದಳು.