ಗಾರೆಯ ಮೇಲಿನ ಅಂಗೈ

ಸಾಗರದ ಹಳೇ ಪುರಭವನದ ರಿಪೇರಿಗೆ ನಾವು ಕೆಲವರು ಭಾನುವಾರಗಳಂದು ಸಂಬಳವಿಲ್ಲದ ಆಳುಗಳಾಗಿ ಹೋಗುತ್ತಿದ್ದೆವು. ಅದನ್ನು ಕಟ್ಟಿದ ಗಾರೆಯವರು ಕೆಲಸ ಮುಗಿಸಿ ಹಸಿ ಗೋಡೆಗೆ ಅಂಗೈ ಒತ್ತಿ ಹೋಗಿದ್ದರಂತೆ. ನಮ್ಮ ಮುಂದಾಳು ಡ್ರಾಯಿಂಗ್ ಮೇಷ್ಟ್ರು ಆ ಗುರುತಿಗಾಗಿ ಗೋಡೆಯ ಸುಣ್ಣವನ್ನೆಲ್ಲ ಕೆರೆಸಿದರು, ಸಿಗಲಿಲ್ಲ. ನಾನು ಸುಮ್ಮನಿರುವ ಜಾತಿಯಲ್ಲ. ತೇಪೆ ಹಾಕಿದ ಹೊಸ ಗಾರೆಗೆ ನನ್ನದೇ ಅಂಗೈ ಒತ್ತಿ, ಒಣಗಿದ ಮೇಲೆ ಚಹಾದ ಡಿಕಾಕ್ಷನ್ ಬಳಿದು ಹಳತು ಮಾಡಿದೆ.

ಮೇಷ್ಟ್ರು ಕುಣಿದಾಡಿ ಊರಿಗೆಲ್ಲ ಸಾರಿದರು. ಮುಂದಿನ ವಾರ ನಿಟ್ಟೂರಿನಿಂದ ಬಸ್ಸು ಹತ್ತಿ ಒಬ್ಬ ಅಜ್ಜಿ ಬಂದರು. ಪುರಭವನಕ್ಕೆ ಗಾರೆ ಮಾಡಿದವರೊಬ್ಬರ ಮಗಳು. ಗುರುತಿನ ಮೇಲೆ ತಮ್ಮ ಕೈ ಇಟ್ಟು ಬಹಳ ಹೊತ್ತು ನಿಂತರು.

"ಅಪ್ಪಯ್ಯನ ಕೈ ಇನ್ನೂ ದೊಡ್ಡದಿತ್ತು ಮಾರಾಯ್ರೇ. ಆಗ ನಾನು ಸಣ್ಣೋಳಲ್ವಾ, ಹಂಗೆ ಕಂಡಿರ್ಬೇಕು. ಅವ್ರದ್ದೊಂದು ಫೋಟೋನೂ ಇಲ್ಲ ನಮ್ಮಲ್ಲಿ."

ನಿಜ ಹೇಳಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ನನ್ನತ್ತ ತಿರುಗಿ, "ಇದು ಅವ್ರದ್ದೇ ತಾನೇ?" ಅಂದರು.

"ಮತ್ಯಾರದ್ದು ಅಜ್ಜಿ!" ಅಂದೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು.

ನನ್ನ ಸುಳ್ಳುಗಳಲ್ಲಿ ಇದೊಂದನ್ನು ಮಾತ್ರ ಯಾರ ಮುಂದೂ ಹೇಳಿಕೊಂಡು ನಕ್ಕಿಲ್ಲ. ಸಾಗರದ ಕಡೆ ಹೋದರೆ ದಯವಿಟ್ಟು ನೀವೂ ಬಾಯಿಬಿಡಬೇಡಿ.